ಎಚ್‌ಕೆಯುಎಸ್‌ಟಿ-1 (ತಾಮ್ರ ಮತ್ತು ಟ್ರೈಮೆಸಿಕ್ ಆಸಿಡ್ ಕಟ್ಟಿದ ರಂಧ್ರಮಯ ಹರಳುಪುಡಿ): ಬಿಇಟಿ (ಅನಿಲ ಹೀರಿಸಿ ಅಳೆದ ಮೇಲ್ಮೈ ವಿಸ್ತೀರ್ಣ) 700 ದಾಟುತ್ತಿಲ್ಲ. ತಪ್ಪು ತೊಳೆಯುವುದರಲ್ಲೋ, ಒಣಗಿಸುವುದರಲ್ಲೋ?

ನೀಲಿಪುಡಿ:
ಟ್ರೈಮೆಸಿಕ್ ಆಸಿಡ್ 1 ಗ್ರಾಂ, 30 ಎಂಎಲ್ ಡಿಎಂಎಫ್ (ಡೈಮೀಥೈಲ್‌ಫಾರ್ಮಮೈಡ್ ದ್ರಾವಕ)-ಎಥನಾಲ್ ಸಮಪಾಲಿನಲ್ಲಿ. ತಾಮ್ರದ ನೈಟ್ರೇಟ್ (2.5 ಹೈಡ್ರೇಟ್) 2.08 ಗ್ರಾಂ, 15 ಎಂಎಲ್ ನೀರಿನಲ್ಲಿ. ಎರಡನ್ನೂ ಸೇರಿಸಿ 85 ಡಿಗ್ರಿಯಲ್ಲಿ 20 ಗಂಟೆ. ಎಕ್ಸ್‌ಆರ್‌ಡಿಯಲ್ಲಿ (ಹರಳಿನ ರಚನೆ ತೋರಿಸುವ ಎಕ್ಸ್-ಕಿರಣ ಪರೀಕ್ಷೆ) 11.6 ಡಿಗ್ರಿಯ ಗೆರೆ ಚೂಪಾಗಿದೆ. ಎಥನಾಲ್‌ನಲ್ಲಿ ಎರಡು ಸಲ ತೊಳೆದು, ವ್ಯಾಕ್ಯೂಮ್‌ನಲ್ಲಿ 120 ಡಿಗ್ರಿ, 4 ಗಂಟೆ. ಬಿಇಟಿ ಮಾತ್ರ ಗ್ರಾಂಗೆ 690 ಚದರ ಮೀಟರ್. 1500ರ ಮೇಲೆ ಬರಬೇಕಲ್ಲವೇ? ಇನ್ನೊಂದು ಮಾತು: ನೈಟ್ರೇಟ್ ಮುಗಿದಿದೆ, ಕಪಾಟಿನಲ್ಲಿ ತಾಮ್ರದ ಪರ್‌ಕ್ಲೋರೇಟ್ ಇದೆ. ಅದನ್ನೇ ಹಾಕಬಹುದೇ?

ಜಾಲರಿ:
1999ರಲ್ಲಿ ಹಾಂಗ್‌ಕಾಂಗ್‌ನವರು ಇದನ್ನು ಮೊದಲು ಪ್ರಕಟಿಸಿದಾಗಲೂ ಬಿಇಟಿ 692 ಇತ್ತು! ಹರಳು ಸರಿಯಿದೆ, ಒಳಗೆ ಖಾಲಿಯಾಗಿಲ್ಲ ಅಷ್ಟೆ. ಎಕ್ಸ್‌ಆರ್‌ಡಿ ಚೌಕಟ್ಟು ನಿಂತಿದೆ ಎನ್ನುತ್ತದೆ, ಕೋಣೆ ಖಾಲಿ ಇದೆ ಎನ್ನುವುದಿಲ್ಲ.

ಪುಡಿಯ ಬಣ್ಣ ನೋಡಿ. ತಿಳಿನೀಲಿಯಾಗಿಯೇ ಇದ್ದರೆ ತಾಮ್ರದ ತುದಿಯಲ್ಲಿ ನೀರೋ ಡಿಎಂಎಫ್ಫೋ ಕೂತಿದೆ. ಪೂರ್ತಿ ಖಾಲಿಯಾದದ್ದು ಗಾಢ ನೇರಳೆ-ನೀಲಿ. ಮೂರು ತಾಮ್ರಕ್ಕೂ ಒಂದೊಂದು ಡಿಎಂಎಫ್ ಅಂಟಿಕೊಂಡರೆ ತೂಕದ ಸುಮಾರು 27% ಅದರದ್ದೇ. ರಂಧ್ರ ಮುಚ್ಚುವುದು ಬೇರೆ. ಡಿಎಂಎಫ್ ಕುದಿಯುವುದೇ 153 ಡಿಗ್ರಿಗೆ, ತಾಮ್ರಕ್ಕೆ ಕಟ್ಟಿಕೊಂಡದ್ದು ಇನ್ನೂ ಹಟಮಾರಿ. 120 ಡಿಗ್ರಿಗೆ ಅದು ಜಗ್ಗುವುದಿಲ್ಲ.

ಮೊದಲು ತಾಜಾ ಡಿಎಂಎಫ್‌ನಲ್ಲಿ ತೊಳೆದು ಉಳಿದ ಆಸಿಡ್ ಮತ್ತು ನೈಟ್ರೇಟ್ ತೆಗೆಯಿರಿ. ಆಮೇಲೆ ಒಣ ಮೆಥನಾಲ್ ಅಥವಾ ಡೈಕ್ಲೋರೋಮೀಥೇನ್‌ನಲ್ಲಿ ಮೂರು ದಿನ ನೆನೆಸಿ, ದಿನಕ್ಕೆರಡು ಸಲ ದ್ರಾವಕ ಬದಲಿಸಿ. ಎರಡು ಸಲ ಜಾಲಾಡಿಸಿ ಬಿಟ್ಟರೆ ಸಾಲದು, ದ್ರಾವಕ ರಂಧ್ರದೊಳಗೆ ಹೋಗಿ ಬರಲು ಸಮಯ ಬೇಕು. ನಂತರ ವ್ಯಾಕ್ಯೂಮ್‌ನಲ್ಲಿ 80 ಡಿಗ್ರಿ ಒಂದು ಗಂಟೆ, ನಿಧಾನವಾಗಿ 170ಕ್ಕೆ ಏರಿಸಿ 12 ಗಂಟೆ. ಒದ್ದೆ ಪುಡಿಯನ್ನು ನೇರ 170ಕ್ಕೆ ಒಯ್ದರೆ ಬಿಸಿ ನೀರಾವಿ ತಾಮ್ರ-ಕಾರ್ಬಾಕ್ಸಿಲೇಟ್ ಬಂಧವನ್ನೇ ಕಡಿಯುತ್ತದೆ.

ಕೆಂಪುಗೆರೆ:
ಪರ್‌ಕ್ಲೋರೇಟ್ ಬೇಡವೇ ಬೇಡ. ಬಿಸಿ ಮಾಡಿ ಒಣಗಿಸುವ ಕೆಲಸವಿದು. ಉತ್ಕರ್ಷಕವನ್ನು ಸಾವಯವ ಲಿಗ್ಯಾಂಡಿನ (ಲೋಹಕ್ಕೆ ಕಟ್ಟಿಕೊಳ್ಳುವ ಅಣು, ಇಲ್ಲಿ ಟ್ರೈಮೆಸಿಕ್ ಆಸಿಡ್) ಪಕ್ಕದಲ್ಲೇ ಕೂರಿಸಿ ವ್ಯಾಕ್ಯೂಮ್‌ನಲ್ಲಿ ಕಾಯಿಸಿದರೆ ಸ್ಫೋಟವಾಗಬಹುದು, ಸ್ಪ್ಯಾಚುಲಾದಲ್ಲಿ ಕೆರೆದರೂ ಸಾಕಾಗಬಹುದು. ಪರ್‌ಕ್ಲೋರೇಟ್ ಇರುವ ಲೋಹ ಸಂಕೀರ್ಣಗಳು ಈ ವಿಷಯದಲ್ಲಿ ಕುಖ್ಯಾತ. ಸ್ಫೋಟಕ ಎಂಒಎಫ್‌ಗಳ (ಇಂಥ ಲೋಹ-ಸಾವಯವ ಜಾಲರಿಗಳ) ಸಂಶೋಧಕರು ಹುಡುಕುವ ಜೋಡಿಯೇ ಇದು, ಇಂಧನವೂ ಉತ್ಕರ್ಷಕವೂ ಒಂದೇ ಪಂಜರದಲ್ಲಿ. ‘ಸುರಕ್ಷಿತ’ ಎಂಬುದು ಅಲ್ಲಿ ಹೋಲಿಕೆಯ ಮಾತು. ನಿಮಗೆ ಬೇಕಿರುವುದು ಖಾಲಿ ಜಾಲರಿ. ನೈಟ್ರೇಟ್ ತರಿಸಿಕೊಳ್ಳಿ, ಅದನ್ನೂ ಚೆನ್ನಾಗಿ ತೊಳೆದೇ ಕಾಯಿಸಿ.

ಗ್ರಾಂಲೆಕ್ಕ:
ಲೆಕ್ಕದಲ್ಲೂ ಎರಡು ಕಡೆ ಎಡವಬಹುದು. ಬಿಇಟಿ ಯಂತ್ರದ ಸಿದ್ಧ ಆಯ್ಕೆ 0.05ರಿಂದ 0.3ರ ಸಾಪೇಕ್ಷ ಒತ್ತಡದ ವ್ಯಾಪ್ತಿ. ಈ ವಸ್ತುವಿನ ರಂಧ್ರಗಳು ಅದಕ್ಕೆ ಮೊದಲೇ ತುಂಬಿರುತ್ತವೆ. ರೂಕರೋಲ್ ನಿಯಮದಂತೆ (ಬಿಇಟಿ ಲೆಕ್ಕಕ್ಕೆ ಬಿಂದು ಆರಿಸುವ ನಿಯಮ) ಬಿಇಟಿ ಸಮೀಕರಣದ ಸ್ಥಿರಾಂಕವಾದ ಸಿ ಬೆಲೆ ಧನಾತ್ಮಕವಾಗಿ ಉಳಿಯುವ, 0.05ಕ್ಕಿಂತ ಕೆಳಗಿನ ಬಿಂದುಗಳನ್ನು ಆರಿಸಿ. ತೂಕವನ್ನು ಡಿಗ್ಯಾಸ್ (ವ್ಯಾಕ್ಯೂಮ್‌ನಲ್ಲಿ ಕಾಯಿಸಿ ರಂಧ್ರ ಖಾಲಿ ಮಾಡುವುದು) ಆದ ಮೇಲೆ, ಟ್ಯೂಬ್‌ಗೆ ಒಣ ನೈಟ್ರೋಜನ್ ತುಂಬಿ, ಮುಚ್ಚಳ ಹಾಕಿಯೇ ನೋಡಿ. ಗಾಳಿಗೆ ಬಿಟ್ಟರೆ ನೀರು ಕುಡಿದು ಮತ್ತೆ ತಿಳಿನೀಲಿಗೆ ತಿರುಗುತ್ತದೆ.

ಅನುಮಾನ ಉಳಿದರೆ ಗಾಳಿಯಲ್ಲಿ ಟಿಜಿಎ (ಕಾಯಿಸುತ್ತಾ ತೂಕ ಅಳೆಯುವ ಪರೀಕ್ಷೆ) ಮಾಡಿ. ದ್ರಾವಕ ಹೋದ ಮೇಲಿನ ತೂಕವನ್ನು 100 ಎಂದುಕೊಂಡರೆ ಕೊನೆಗೆ ಉಳಿಯಬೇಕಾದ ತಾಮ್ರದ ಆಕ್ಸೈಡ್ 39.5. ಕಡಿಮೆ ಬಂದರೆ ಆಸಿಡ್ ಒಳಗೆ ಸಿಕ್ಕಿಕೊಂಡಿದೆ. ಹೆಚ್ಚು ಬಂದರೆ ಎಕ್ಸ್‌ಆರ್‌ಡಿಯಲ್ಲಿ 36.4 ಡಿಗ್ರಿಯ ಬಳಿ ಕ್ಯೂಪ್ರಸ್ ಆಕ್ಸೈಡಿನ ಗೆರೆ ಹುಡುಕಿ.

ನೀಲಿಪುಡಿ:
ಬಣ್ಣ ತಿಳಿನೀಲಿಯೇ. ವ್ಯಾಪ್ತಿಯೂ 0.05–0.3 ಇತ್ತು. ಮೆಥನಾಲ್‌ನಲ್ಲಿ ನೆನೆಸಲು ಇಟ್ಟಾಯಿತು, ಪರ್‌ಕ್ಲೋರೇಟ್ ಡಬ್ಬಿ ಕಪಾಟಿನಲ್ಲೇ ಇರಲಿ.

ಕೆಂಪುಗೆರೆ:
ಅದರ ಪಕ್ಕದಲ್ಲಿ ಎಥನಾಲ್ ಇಟ್ಟಿದ್ದರೆ ಅದನ್ನು ಬೇರೆಡೆಗೆ ಸರಿಸಿ.