ಸಹಾಯ ಬೇಕು: ಹೊರದೇಶದಿಂದ ಮೆಕ್ಯಾನಿಕ್‌ಗಳನ್ನು ಕರೆಸಿಕೊಂಡವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಗ್ಯಾರೇಜಿನಲ್ಲಿ ಮೂರು ಲಿಫ್ಟ್ ಇವೆ. ಕೆಲಸ ನಡೆಯುತ್ತಿರುವುದು ಒಂದರಲ್ಲಿ ಮಾತ್ರ. ಆಯಿಲ್ ಬದಲಿಸುವವರು ಸಿಗುತ್ತಾರೆ. ಗಾಡಿಗೆ ಜೋಡಿಸುವ ಸ್ಕ್ಯಾನರ್‌ನಲ್ಲಿ ಬಂದ ದೋಷದ ಕೋಡ್ ನೋಡಿ, ಸೆನ್ಸರ್ ಕೆಟ್ಟಿದೆಯಾ ಇಲ್ಲ ವೈರ್ ತುಂಡಾಗಿದೆಯಾ ಅಂತ ಮಲ್ಟಿಮೀಟರ್ ಹಿಡಿದು ಪತ್ತೆ ಮಾಡುವವರು ಸಿಗುತ್ತಿಲ್ಲ. ಅದಕ್ಕೇ ಹೊರದೇಶದಿಂದ ಇಬ್ಬರನ್ನು ಕರೆಸಿಕೊಳ್ಳಬೇಕು ಅಂತಿದ್ದೇನೆ.

ಕೈಕೆಲಸವನ್ನು ದೂರದಿಂದ ಪರೀಕ್ಷಿಸುವುದು ಹೇಗೆ? ಸರ್ಟಿಫಿಕೇಟ್ ನೋಡಿ ಸುಮ್ನೆ ಒಪ್ಪಿಕೊಳ್ಳಲು ಮನಸ್ಸಿಲ್ಲ. ವಿಡಿಯೋ ಕಾಲ್‌ನಲ್ಲಿ ಬ್ರೇಕ್ ಬಿಚ್ಚಿಸಿ ನೋಡಿದರೆ ಸಾಕಾ? ಎಲೆಕ್ಟ್ರಿಕ್ ಗಾಡಿಯ ಕಿತ್ತಳೆ ಬಣ್ಣದ ಕೇಬಲ್ ಮುಟ್ಟುವ ಮುಂಚೆ ಹೈವೋಲ್ಟೇಜ್ ತರಬೇತಿ ಬೇಕೇ ಬೇಕು. ಅದನ್ನು ಅಲ್ಲೇ ಕೊಡಿಸಬೇಕಾ, ಇಲ್ಲಿಗೆ ಬಂದ ಮೇಲಾ?

ಇನ್ನೊಂದು ವಿಷಯ ಮನಸ್ಸಿಗೆ ಚುಚ್ಚುತ್ತಿದೆ. ಒಬ್ಬ ಏಜೆಂಟ್ ತನ್ನ ಕಮಿಷನ್ ಆ ಹುಡುಗರಿಂದಲೇ ತೆಗೆದುಕೊಳ್ಳುತ್ತೇನೆ ಅಂದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಡಂಬಡಿಕೆ ಕೆಲಸಗಾರರಿಂದ ಶುಲ್ಕ ಪಡೆಯಬಾರದು ಎನ್ನುತ್ತದೆ. ಸಾಲ ಹೊತ್ತು ಬಂದವರಿಗೆ ಕೆಲಸದಲ್ಲಿ ಮನಸ್ಸು ನಿಲ್ಲುವುದು ಹೇಗೆ, ಅಲ್ವಾ? ಆ ಖರ್ಚನ್ನು ನಾನೇ ಕೊಡುತ್ತೇನೆ. ಕೆಲಸಗಾರರಿಂದ ಹಣ ಪಡೆಯದ ಏಜೆನ್ಸಿಯನ್ನು ಗುರುತಿಸುವುದು ಹೇಗೆ, ಕರಾರಿನಲ್ಲಿ ಏನೇನು ಬರೆಸಬೇಕು? ಅನುಭವ ಇದ್ದವರು ದಯವಿಟ್ಟು ತಿಳಿಸಿ.