ಪ್ಲಗ್ ಬಾಗಿಲು: ಒತ್ತಡ ಏರಿದಂತೆ ಮೂಲೆಗಳಲ್ಲಿ ಸೋರಿಕೆ

ತಗಡುಗಾರ:
ವಿಮಾನದ ಬಾಗಿಲಿನ ಮಾದರಿಯೊಂದನ್ನು ಮಾಡಿ ಒತ್ತಡದ ಪೆಟ್ಟಿಗೆಗೆ ಕೂರಿಸಿದ್ದೇನೆ. ಅಗಲ 60 ಸೆಂ.ಮೀ., ಎತ್ತರ 120. ಒಳಗಿನಿಂದ ಬಂದು ಚೌಕಟ್ಟಿನ ಅಂಚಿಗೆ ಒರಗುವ ಪ್ಲಗ್ ಮಾದರಿ. ಗುರಿ 50 ಕಿಲೋಪಾಸ್ಕಲ್. ಆದರೆ 20 ದಾಟಿದೊಡನೆ ನಾಲ್ಕೂ ಮೂಲೆಗಳಲ್ಲಿ ಗಾಳಿ ಸೋರುತ್ತದೆ. 2 ಮಿ.ಮೀ. ತಗಡನ್ನು 3ಕ್ಕೆ ಏರಿಸಿದೆ. ತೂಕ ಒಂದೂವರೆ ಪಟ್ಟಾಯಿತು, ಸೋರಿಕೆ ಸ್ವಲ್ಪ ತಡವಾಯಿತು, ಅಷ್ಟೇ. ಒತ್ತಡ ಹೆಚ್ಚಿದಷ್ಟೂ ಪ್ಲಗ್ ಬಿಗಿಯಬೇಕಲ್ಲವೇ?

ಹಳೆಯ ರಿವೆಟ್:
ಮೊದಲು ಗಾಳಿ ತುಂಬುವುದನ್ನು ನಿಲ್ಲಿಸಿ. 50 ಕಿಲೋಪಾಸ್ಕಲ್ ಎಂದರೆ ಆ ಬಾಗಿಲಿನ ಮೇಲೆ ಮೂರೂವರೆ ಟನ್ನಿಗೂ ಹೆಚ್ಚಿನ ಭಾರ. ಅದು ಕಿತ್ತು ಬಂದರೆ ಗುಂಡಿನಂತೆ ಹಾರುತ್ತದೆ. ನೀರು ತುಂಬಿ ಪರೀಕ್ಷಿಸಿ; ನೀರು ಗಾಳಿಯಂತೆ ಅಮುಕಿಕೊಳ್ಳದ ಕಾರಣ ಬಾಗಿಲು ಕಿತ್ತರೂ ಹಾಗೆ ಹಾರುವುದಿಲ್ಲ. 1954ರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಕಾಮೆಟ್ ವಿಮಾನದ ಒಡಲನ್ನು ತೊಟ್ಟಿಯಲ್ಲಿಟ್ಟು ಪರೀಕ್ಷಿಸಿದ್ದು ಹಾಗೆಯೇ. ಬಾಗಿಲು ಮೇಲ್ಮುಖವಾಗಿರುವಂತೆ ಪೆಟ್ಟಿಗೆಯನ್ನು ಮಲಗಿಸಿ. ನಿಲ್ಲಿಸಿದರೆ ನೀರಿನ ಎತ್ತರದಿಂದಲೇ ಕೆಳ ಅಂಚಿಗೆ 12 ಕಿಲೋಪಾಸ್ಕಲ್ ಹೆಚ್ಚುವರಿ ಬೀಳುತ್ತದೆ.

ಇನ್ನು ಮೂಲೆಗಳು. ಚಪ್ಪಟೆ ತಗಡಿನ ನಡುಭಾಗ ಹೊರಗೆ ಉಬ್ಬಿದಾಗ ಮೂಲೆಗಳು ಒಳಕ್ಕೆ, ಅಂದರೆ ಒತ್ತಡ ಬರುವ ಕಡೆಗೇ, ಮೇಲೇಳುತ್ತವೆ. ಅಂಚಿನ ಸಂದು ಮುಚ್ಚುವ ಮೆತ್ತನೆಯ ಪಟ್ಟಿ, ಅಂದರೆ ಸೀಲ್, ಅಲ್ಲಿ ಹಿಡಿತ ಬಿಡುತ್ತದೆ. ತಗಡನ್ನು ದಪ್ಪ ಮಾಡುವುದು ದುಬಾರಿ ದಾರಿ. ಹಳೆಯ 2 ಮಿ.ಮೀ. ತಗಡಿಗೇ ಮರಳಿ, ಅದರ ಬೆನ್ನಿಗೆ ಅಗಲದುದ್ದಕ್ಕೂ ಅಡ್ಡ ತೊಲೆಗಳನ್ನು ಕೊಡಿ. ಪ್ರತಿ ತೊಲೆಯ ಎರಡೂ ತುದಿಗೆ ಸರಿಯಾಗಿ ಚೌಕಟ್ಟಿನಲ್ಲಿ ತೊಲೆ ಬಂದು ಒರಗುವ ಒಂದೊಂದು ಗಟ್ಟಿ ತಡೆ, ಅಂದರೆ ಸ್ಟಾಪ್, ಇರಲಿ. ಭಾರ ತಗಡಿನಿಂದ ತೊಲೆಗೆ, ತೊಲೆಯಿಂದ ಸ್ಟಾಪ್‌ಗೆ ಇಳಿಯಬೇಕು. ಸೀಲ್ ಅದನ್ನು ಹೊರಬಾರದು. ತೊಲೆಯ ಮೇಲಿನ, ಕೆಳಗಿನ ಪಟ್ಟಿಗಳನ್ನು ಹಾಗೆಯೇ ಉಳಿಸಿ ಆಳವನ್ನು ಇಮ್ಮಡಿ ಮಾಡಿದರೆ ಬಿಗಿತ ಸುಮಾರು ನಾಲ್ಕು ಪಟ್ಟಾಗುತ್ತದೆ, ತೂಕ ಏರುವುದು ನಡುವಿನ ತಗಡಿನಷ್ಟೇ.

ಟೊಳ್ಳು ಸೀಲ್ ಹಾಕಿ, ಒತ್ತಡದ ಬದಿಗೆ ಸಣ್ಣ ರಂಧ್ರಗಳನ್ನು ಕೊರೆಯಿರಿ. ಒಳಗಿನ ಒತ್ತಡವೇ ಅದನ್ನು ಉಬ್ಬಿಸಿ ಸಂದು ಮುಚ್ಚುತ್ತದೆ.

ತಗಡುಗಾರ:
ಇಷ್ಟೆಲ್ಲ ತೊಲೆಗಳ ಬದಲು ಹೊರಕ್ಕೆ ತೆರೆಯುವಂತೆ ಮಾಡಿ ಚಿಲಕಗಳಿಂದ ಬಿಗಿದರೆ ಹಗುರವಾಗದೇ?

ಹಳೆಯ ರಿವೆಟ್:
ಆಗ ಇಡೀ ಭಾರ ಚಿಲಕಗಳ ಮೇಲೆ. 1974ರಲ್ಲಿ ಪ್ಯಾರಿಸ್ ಬಳಿ ಬಿದ್ದ ಡಿಸಿ-10 ವಿಮಾನದ ಸರಕು ಬಾಗಿಲಿನ ಚಿಲಕಗಳು ಪೂರ್ತಿ ಕೂತಿರಲಿಲ್ಲ, ಆದರೂ ಹಿಡಿಕೆ ಮುಚ್ಚಿಕೊಂಡಿತ್ತು. 346 ಮಂದಿ ಸತ್ತರು. ಮೊದಲ ಮಾದರಿಗೆ ಆ ಸಾಹಸ ಬೇಡ.

ತಗಡುಗಾರ:
ಐದು ತೊಲೆ, ಹತ್ತು ಸ್ಟಾಪ್ ಹಾಕಿದೆ. ನೀರಿನಲ್ಲಿ 50 ಮುಟ್ಟಿತು. ಒಂದು ಮೂಲೆ ಮಾತ್ರ ತೊಟ್ಟಿಕ್ಕುತ್ತಿತ್ತು. ಸ್ಟಾಪ್‌ಗಳ ಮತ್ತು ತೊಲೆಯ ತುದಿಗಳ ನಡುವೆ ಕಾರ್ಬನ್ ಕಾಗದ ಇಟ್ಟು ಒತ್ತಿ ನೋಡಿದರೆ ಆ ತುದಿಯಲ್ಲಿ ಗುರುತೇ ಮೂಡಿರಲಿಲ್ಲ. ಸ್ಟಾಪ್‌ನ ತಿರುಪನ್ನು ಅರ್ಧ ಸುತ್ತು ಹೊರತಂದೆ, ನಿಂತಿತು.