ಜಿಆರ್‌ಇ ವರ್ಬಲ್: ಪದ ಗೊತ್ತಿಲ್ಲದಿದ್ದಾಗ ವಾಕ್ಯದಿಂದ ಉತ್ತರ ಹಿಡಿಯೋದು ಹೇಗೆ?

ಪ್ರಶ್ನೆ:
ಜಿಆರ್‌ಇ (ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಇಂಗ್ಲಿಷ್ ಭಾಗವಾದ ವರ್ಬಲ್‌ನ ಟೆಕ್ಸ್ಟ್ ಕಂಪ್ಲೀಷನ್‌ನಲ್ಲಿ, ಅಂದರೆ ಖಾಲಿ ಜಾಗಕ್ಕೆ ಪದ ತುಂಬುವ ಪ್ರಶ್ನೆಯಲ್ಲಿ, ಕೊನೆಗೆ ಎರಡು ಆಯ್ಕೆ ಉಳಿದರೆ ಯಾವ ಸುಳಿವು ನೋಡಬೇಕು? ಪದಪಟ್ಟಿ ಉರುಹೊಡೆದರೆ ಸಾಕಾ?

ಉತ್ತರ 1:
ಪಟ್ಟಿ ಬೇಕು, ಆದರೆ ಅದೊಂದೇ ಸಾಲದು. ಆಯ್ಕೆಗಳ ಕಡೆ ಕಣ್ಣು ಹಾಯಿಸದೆ ಮೊದಲು ವಾಕ್ಯ ಪೂರ್ತಿ ಓದಿ. ಆಲ್ದೋ, ಡಿಸ್ಪೈಟ್, ಫಾರ್ ಫ್ರಮ್ ಬಂದರೆ ಅರ್ಥ ತಿರುಗುತ್ತದೆ. ಕೋಲನ್ (:) ಇದ್ದರೆ ಸಾಮಾನ್ಯವಾಗಿ ಹಿಂದಿನದನ್ನೇ ಬಿಡಿಸಿ ಹೇಳುತ್ತಿದ್ದಾರೆ ಎಂದರ್ಥ. ಉದಾಹರಣೆಗೆ, ‘ಫಾರ್ ಫ್ರಮ್ ಬೀಯಿಂಗ್ ಲಾಕನಿಕ್, ದ ಕ್ಲರ್ಕ್ ವಾಸ್ ____: ಹಿಸ್ ರಿಪ್ಲೈಸ್ ರ‍್ಯಾನ್ ಫಾರ್ ಪೇಜಸ್.’ ಲಾಕನಿಕ್ (ಮಿತವಾಗಿ ಮಾತಾಡುವ) ಗೊತ್ತಿಲ್ಲವೇ? ಬಿಡಿ, ಕೋಲನ್ ಆಚೆಗಿನ ಪುಟಗಟ್ಟಲೆ ಉತ್ತರವೇ ಸಾಕು. ರಫ್ ಶೀಟಿನಲ್ಲಿ ಕನ್ನಡದಲ್ಲೇ ‘ಮಾತು ಜಾಸ್ತಿ’ ಅಂತ ಗೀಚಿ, ಆಮೇಲೆ ಆಯ್ಕೆ ನೋಡಿ. ವರ್ಬೋಸ್ ಸರಿ. ಎಲೋಕ್ವೆಂಟ್ ಕಡೆಗೆ ಮನಸ್ಸು ಎಳೆಯುತ್ತದೆ, ಆದರೆ ಚೆನ್ನಾಗಿ ಮಾತಾಡುತ್ತಾನೆ ಅನ್ನೋದಕ್ಕೆ ವಾಕ್ಯದಲ್ಲಿ ಪುರಾವೆ ಎಲ್ಲಿದೆ? ಎರಡು ಉಳಿದಾಗ ಕೇಳಿಕೊಳ್ಳಬೇಕಾದ್ದು ಇದೇ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಎರಡು-ಮೂರು ಖಾಲಿ ಜಾಗ ಇದ್ದರೆ ಮೊದಲನೆಯದರಿಂದಲೇ ಶುರು ಮಾಡಬೇಡಿ, ಸುಳಿವು ಗಟ್ಟಿಯಾಗಿರುವ ಕಡೆಯಿಂದ ಹಿಡಿಯಿರಿ. ಒಂದು ತಪ್ಪಿದರೂ ಇಡೀ ಪ್ರಶ್ನೆಗೆ ಅಂಕ ಇಲ್ಲ. ಸೆಂಟೆನ್ಸ್ ಇಕ್ವಿವಲೆನ್ಸ್‌ನಲ್ಲಿ ಒಂದೇ ಖಾಲಿ ಜಾಗಕ್ಕೆ ಹೊಂದಿ, ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಪದಗಳನ್ನು 6ರಲ್ಲಿ 2 ಆರಿಸಬೇಕಲ್ಲ, ಅಲ್ಲಿ ಸಮಾನಾರ್ಥಕ ಜೋಡಿ ಕಂಡ ತಕ್ಷಣ ಒತ್ತಿದರೆ ಕೆಟ್ಟಿರಿ. ವಾಕ್ಯಕ್ಕೆ ಹೊಂದದ ಜೋಡಿಯನ್ನೂ ಬೇಕಂತಲೇ ಇಟ್ಟಿರುತ್ತಾರೆ.

ಉತ್ತರ 3:
ಹಾರ್ಡ್ಲಿ, ಸೆಲ್ಡಮ್ ಇವುಗಳ ಮೇಲೂ ಕಣ್ಣಿರಲಿ. ನಾಟ್ ಇಲ್ಲದೆಯೇ ಅರ್ಥ ಉಲ್ಟಾ ಆಗುತ್ತದೆ. ವರ್ಬಲ್‌ನ ಮೊದಲ ಸೆಕ್ಷನ್‌ನಲ್ಲಿ 12 ಪ್ರಶ್ನೆಗೆ 18 ನಿಮಿಷ. ಒಂದೇ ಖಾಲಿ ಜಾಗದ ಪ್ರಶ್ನೆ ಒಂದು ನಿಮಿಷ ದಾಟಿದರೆ ಏನಾದರೊಂದು ಗುರುತಿಸಿ, ಮತ್ತೆ ಬಂದು ನೋಡಲು ಪರದೆಯ ಮೇಲಿನ ‘ಮಾರ್ಕ್’ ಬಟನ್ ಒತ್ತಿ ಮುಂದೆ ಹೋಗಿ. ನೆಗೆಟಿವ್ ಮಾರ್ಕಿಂಗ್ ಇಲ್ಲ.